ಗಿರಿಜಕ್ಕನ ಹತ್ತನೇ ಕೋಳಿ

ನಿವೃತ್ತಿಗೆ ಎರಡು ವರ್ಷ ಉಳಿದಿದ್ದಾಗ ನಾನು ಕುಂದಾಪುರದ ಒಳಭಾಗದ ಹಳ್ಳಿಯೊಂದರಲ್ಲಿ ಪಶುವೈದ್ಯನಾಗಿದ್ದೆ. ಆ ಬೇಸಿಗೆಯಲ್ಲಿ ಹಕ್ಕಿಜ್ವರ ಬಂದು, ಗಿರಿಜಕ್ಕನ ಫಾರಂನ ಕೋಳಿಗಳನ್ನೆಲ್ಲ ನಾವೇ ಕೊಂದು ಹೂಳಬೇಕಾಯಿತು. ಗಂಡ ತೀರಿಕೊಂಡ ಮೇಲೆ ಅವರು ಒಬ್ಬರೇ ನಿಂತು ಕಟ್ಟಿದ ಫಾರಂ ಅದು. ಆ ಮಳೆಗಾಲ ಮುಗಿಯುವುದರೊಳಗೆ ಮತ್ತೆ ಶುರುವಾಗದಿದ್ದರೆ ಶೆಡ್ಡಿನ ತಗಡು ಕಿತ್ತು ಮಾರುವುದೆಂದು ಅವರು ತೀರ್ಮಾನಿಸಿದ್ದರು.

ಶೆಡ್ ತೊಳೆದು, ಔಷಧಿ ಸಿಂಪಡಿಸಿ, ಖಾಲಿ ಬಿಟ್ಟದ್ದಾಯಿತು. ನಂತರ 'ಸೆಂಟಿನೆಲ್' ಕೋಳಿಗಳ ಸರದಿ, ಅಂದರೆ ಕಾವಲು ಕೋಳಿಗಳು. ಹತ್ತು ಕೋಳಿಗಳನ್ನು ಇಪ್ಪತ್ತೊಂದು ದಿನ ಶೆಡ್ಡಿನಲ್ಲಿ ಬಿಡುವುದು. ಅವು ಆರೋಗ್ಯವಾಗಿದ್ದರೆ ಹೊಸ ಮರಿಗಳನ್ನು ತಂದು ಸಾಕಲು ಅನುಮತಿ. ಚಪ್ಪಲಿ ಬದಲಿಸುವುದರಿಂದ ಹಿಡಿದು ಎಲ್ಲವನ್ನೂ ಎರಡೆರಡು ಸಲ ಹೇಳಿಕೊಟ್ಟೆ.

ಹದಿನೆಂಟನೆಯ ದಿನ ಹೋಗಿ ಎಣಿಸಿದರೆ ಒಂಬತ್ತೇ ಕೋಳಿ.

"ಒಂದು ಸತ್ತೋಯ್ತಾ ಗಿರಿಜಕ್ಕ?"

"ಅದಾಗ್ ಸಾಯ್ಲಿಲ್ಲ ಡಾಕ್ಟ್ರೇ. ಸಾರ್ ಮಾಡ್ದೆ."

ಮಗಳನ್ನು ಮದುವೆಯಾದ ಮೇಲೆ ಯಡ್ತರೆಯ ಅಳಿಯ ಹಿಂದಿನ ದಿನ ಮೊದಲ ಸಲ, ಒಬ್ಬನೇ, ಮನೆಗೆ ಬಂದಿದ್ದನಂತೆ. ದೋಣಿಗಳು ಕಡಲಿಗಿಳಿಯದ ಕಾಲ, ಮೀನಿಲ್ಲ. ಕೋಳಿ ಅಂಗಡಿಗಳಿಗೆ ಬೀಗ.

"ಹೊಸ ಅಳಿಯಂಗೆ ಬರೀ ಸೌತೆಕಾಯಿ ಹುಳಿ ಬಡ್ಸುಕೆ ಆತ್ತಾ? ಕಾಯ್ಲೆ ಬಂದ್ರೆ ಫೋನ್ ಮಾಡಿ ಅಂದಿದ್ರಿ. ಅದ್ಕೆ ಎಂತ ಕಾಯ್ಲೆಯೂ ಇರ್ಲಿಲ್ಲ ಮರಾಯ್ರೆ, ಲಾಯ್ಕ್ ಇತ್ತ್!"

ತಿನ್ನಬೇಡಿ ಎಂದು ನಾನು ಹೇಳಿರಲಿಲ್ಲ, ನಿಜ. ಆದರೂ ಸಿಟ್ಟು ನೆತ್ತಿಗೇರಿತ್ತು.

ಮೇಲಧಿಕಾರಿಗೆ ಫೋನ್ ಮಾಡಿದೆ. "ಹತ್ತನೆಯದು ಎಲ್ಲಿ?" ಎಂದರು. "ಅಳಿಯನ ಹೊಟ್ಟೆಯಲ್ಲಿ, ಸರ್" ಎಂದೆ. ಇಪ್ಪತ್ತೊಂದು ದಿನದ ಎಣಿಕೆ ಮತ್ತೆ ಒಂದನೆಯ ದಿನದಿಂದ ಶುರುವಾಯಿತು. ಅತ್ತೆ, ಅಳಿಯ ಇಬ್ಬರನ್ನೂ ಹತ್ತು ದಿನ ಮನೆಯಲ್ಲೇ ಇರಿಸಿ ಜ್ವರ ನೋಡಬೇಕೆಂದು ಆರೋಗ್ಯ ಇಲಾಖೆ ಹೇಳಿತು. ಚೆನ್ನಾಗಿ ಬೆಂದದ್ದನ್ನು ತಿಂದವನಿಗಿಂತ ಕೊಯ್ದವರಿಗೇ ಅಪಾಯ ಹೆಚ್ಚೆಂದು ನಾನು ಎಷ್ಟು ಹೇಳಿದರೂ ಊರಿನ ಕಣ್ಣೆಲ್ಲ ಅಳಿಯನ ಮೇಲೆ. ದಾರಿಹೋಕರು ಬೇಲಿಯಾಚೆಯಿಂದಲೇ ಕೂಗುತ್ತಿದ್ದರು: "ಹ್ವಾಯ್, ಅಳಿಯ ಇದ್ದನಾ?"

ಇದ್ದ. ಹತ್ತು ದಿನ ಕೂತು ಉಂಡು, ಮೈ ತುಂಬಿಕೊಂಡು ಯಡ್ತರೆಗೆ ಹೊರಟ. ಉಳಿದ ಕೋಳಿಗಳ ಲ್ಯಾಬ್ ವರದಿಯೂ ನೆಗೆಟಿವ್ ಬಂತು. ಗಿರಿಜಕ್ಕ ಶೆಡ್ಡಿಗೆ ಹೊಸ ಮರಿಗಳನ್ನು ತಂದು ಬಿಟ್ಟರು.

ಆದರೆ ಕೊಳ್ಳುವವರು ಬೇಕಲ್ಲ! ಮೊದಲ ಬ್ಯಾಚ್ ತೆಕ್ಕಟ್ಟೆಯ ಅಂಗಡಿಗೆ ಬಂದ ದಿನ ನಾನು ಆ ವರದಿಯನ್ನು ಗೋಡೆಗೆ ಅಂಟಿಸಿ ಕಾದೆ. ಯಾರೂ ಹತ್ತಿರ ಸುಳಿಯಲಿಲ್ಲ. ಗಿರಿಜಕ್ಕನ ಮುಖ ನೋಡಲಾಗುತ್ತಿರಲಿಲ್ಲ. ಕೊನೆಗೆ ಚೀಲ ಹಿಡಿದ ಹೆಂಗಸೊಬ್ಬರು ನಿಂತರು.

"ಇದ್ ಆ ಅಳಿಯ ತಿಂದ ಫಾರಂದಾ?"

"ಹೌದ್."

"ಈಗ ಹ್ಯಾಂಗಿದ್ದ ಅವ?"

"ಅಂಗಿ ಗುಂಡಿ ಹಾಕುಕೆ ಆತಿಲ್ಲ" ಎಂದರು ಗಿರಿಜಕ್ಕ.

"ಹಾಂಗಾರೆ ಎರ್ಡ್ ಕೆಜಿ ಕೊಡಿ."

ಮಧ್ಯಾಹ್ನದೊಳಗೆ ಪಂಜರ ಖಾಲಿ. ಗಿರಿಜಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ರೋಗವನ್ನು ಓಡಿಸುವುದು ನಮಗೆ ಗೊತ್ತಿತ್ತು. ಜನರ ಹೆದರಿಕೆಯನ್ನು ಓಡಿಸಲು ತಿಂದು ಬದುಕಿದ, ಹೇಗಿದ್ದಾನೆಂದು ವಿಚಾರಿಸಬಹುದಾದ ಒಬ್ಬ ಮನುಷ್ಯ ಬೇಕೆಂಬುದನ್ನು ಆ ಅಂಗಡಿಯ ಮುಂದೆ ಕಲಿತೆ. ನಾನು ಅಂಟಿಸಿದ ವರದಿಯನ್ನು ಆ ದಿನ ಒಬ್ಬರೂ ಓದಲಿಲ್ಲ.