ಖಾಡೆ ಮಾಡದ ನಿಂಗವ್ವ

ಗೋಕಾಕದ ನೂಲಿನ ಗಿರಣಿಗೆ ಪ್ರಾವಿಡೆಂಟ್ ಫಂಡ್ ಬಂದ ವರ್ಷ ಅದು. ಪಿನ್ಶನ್ ಅಂದರೆ ಸಾಲಿ ಮಾಸ್ತರರಿಗೆ, ಫೌಜದಾರರಿಗೆ ಅಷ್ಟೇ ಅಂತ ತಿಳಿದಿದ್ದ ಗಿರಣಿಯ ಮಂದಿ, ಮುಪ್ಪಿಗೆ ತಮಗೂ ಒಂದು ಆಸರೆ ಬಂತೆಂದು ಎದೆಯುಬ್ಬಿಸಿ ಸಾಲಾಗಿ ನಿಂತಿದ್ದರು. ಫಾರ್ಮು ತುಂಬುವ ಕಾರಕೂನ ನಾನು.

ಕೊಣ್ಣೂರಿನಿಂದ ದಿನಾ ನಡೆದು ಬರುತ್ತಿದ್ದ ನಿಂಗವ್ವನ ಸರದಿ ಬಂತು. ವಾರಸುದಾರರ ಹೆಸರು ಕೇಳಬೇಕಿತ್ತು. ಎದುರಿಗೆ ಗಟ್ಟಿಮುಟ್ಟಾಗಿ ನಿಂತವಳಿಗೆ ‘ನೀವು ಸತ್ತಮ್ಯಾಲ’ ಅನ್ನಲು ನನಗೆ ಬಾಯಿ ಬರಲಿಲ್ಲ.

“ನಿಂಗವ್ವ, ನೀವ ಇಲ್ಲದಾಗ ಈ ರೊಕ್ಕ ಯಾರ ಕೈಯಾಗ ಕೊಡೂಣ್ರಿ?” ಎಂದೆ.

ಆಕೆಯ ಮುಖ ಕೆಂಪಾಯಿತು. “ನಾ ಯಾವತ್ತ ಇರಲಿಲ್ರಿ? ಹನ್ನೆರಡ ವರ್ಷದಾಗ ಒಂದ ದಿನ ಖಾಡೆ ಮಾಡಿಲ್ಲ. ಹಾಜರಿ ಪುಸ್ತಕ ತಗೀರಿ!”

ಸಾಲೆಲ್ಲ ನಕ್ಕಿತು. ಆ ವರ್ಷದ ಪುಸ್ತಕ ತೆಗೆದೆ. ಖರೆ, ಒಂದು ಖಾಡೆಯೂ ಇರಲಿಲ್ಲ, ಒಂದು ದಿನದ ಗೈರುಹಾಜರಿಯೂ ಇಲ್ಲ. ಕಡೆಗೆ ತಲೆ ತಗ್ಗಿಸಿ, ನಾನು ಕೇಳಿದ್ದು ಸಾವಿನ ಮಾತೆಂದು ಬಿಡಿಸಿ ಹೇಳಿದೆ.

“ಅಷ್ಟ ಏನ್ರಿ?” ಆಕೆ ತಣ್ಣಗಾದಳು. “ಸಾಯೂದಂದ್ರ ಸಾಯೂದ ಅನ್ರಿ. ಖಾಡೆ ಮಾತ್ರ ಅನಬ್ಯಾಡ್ರಿ. ಮಗಳ ಹೆಸರ ಬರೀರಿ. ಆದ್ರ ತಗೊಳ್ಳಾಕ ನಾನ ಬರ್ತೇನಿ.”

ಬಂದಳು ಕೂಡ. ಎಷ್ಟೋ ವರ್ಷದ ಮೇಲೆ, ವಯಸ್ಸಾಗಿ ಕೆಲಸ ಬಿಟ್ಟಾಗ, ಇಳಕಲ್ ಸೀರೆಯುಟ್ಟು ಬಂದು ತನ್ನ ಕೈಯಾರೆ ಹಣ ಪಡೆದಳಂತೆ. ‘ಅಂತೆ’ ಯಾಕೆಂದರೆ, ಅವತ್ತು ನಾನು ನೆಗಡಿಯೆಂದು ಮನೆಯಲ್ಲಿ ಮಲಗಿದ್ದೆ. ನನ್ನ ಖಾಲಿ ಕುರ್ಚಿ ನೋಡಿ ಆಕೆ ಆಫೀಸಿನ ಸಿಪಾಯಿಯನ್ನು ಕೇಳಿದಳಂತೆ:

“ಸಾಹೇಬ್ರು ಖಾಡೆ ಏನ್ರಿ?”