ವಿಮಾನ ಹತ್ತದ ಕೊಬ್ಬರಿ

ನೀವಿದನ್ನು ನಂಬುವುದಿಲ್ಲ ಎಂದು ನನಗೆ ಗೊತ್ತು. ನಂಬಿಸುವ ಅವಸರವೂ ನನಗಿಲ್ಲ. ದಬ್ಬೇಘಟ್ಟದ ಹತ್ತಿರದ ಒಂದು ಜಗಲಿಯ ಮೇಲೆ ಕೂತು ಇಡೀ ದೇಶದ ವಿಮಾನಯಾನವನ್ನು ಅರ್ಧ ಗಂಟೆ ಆಳಿದ ಹುಡುಗಿ ಇನ್ನೊಬ್ಬಳಿದ್ದರೆ ಅವಳು ನಂಬಿದರೆ ಸಾಕು.

ಪಕ್ಕದ ಮನೆಯ ರತ್ನಕ್ಕ ತಮ್ಮ ಜಗಲಿಯಲ್ಲಿ ಕೂತು, ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ಕಾಯಿಗಳನ್ನು ಇಳಿಸಿಕೊಂಡು, ಒಂದೊಂದನ್ನೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗೆ ಕೊಬ್ಬರಿ ಲೊಟಲೊಟ ಅಂದದ್ದನ್ನು ಮಾತ್ರ ಸುಲಿದು ಬೇರೆ ಇಡುತ್ತಿದ್ದರು. ಪುಣೆಯಲ್ಲಿರುವ ಬಸುರಿ ಮಗಳಿಗೆ ಏಳು ತಿಂಗಳು. ಮಡಿಲು ತುಂಬಲು ಬೇಕಾದ ಅಕ್ಕಿ, ಬೆಲ್ಲ, ಎಲೆ ಅಡಿಕೆಯೆಲ್ಲ ಪುಣೆಯಲ್ಲೂ ಸಿಕ್ಕೀತು; ಕೊಬ್ಬರಿ ಮಾತ್ರ ತಾಯಿಮನೆಯ ಅಟ್ಟದಿಂದಲೇ ಇಳಿಯಬೇಕು ಎನ್ನುವುದು ನಮ್ಮ ಕಡೆ ತೆಂಗಿನ ಮರಕ್ಕಿಂತ ನೆಟ್ಟಗೆ ನಿಂತಿರುವ ನಂಬಿಕೆ. ಅಳಿಯ ಅತ್ತೆಗೆ ವಿಮಾನದ ಟಿಕೆಟ್ ಕಳಿಸಿದ್ದ. ಜೊತೆಗೆ ಯಾರಾದರೂ ಬರುವುದಾದರೆ ಇನ್ನೊಂದನ್ನೂ ಕೊಳ್ಳುತ್ತೇನೆ ಎಂದಿದ್ದ.

"ವಿಮಾನದಾಗೆ ಕೊಬ್ಬರಿ ಬುಡಲ್ವಂತೆ ಕಣೇ," ಎಂದರು ರತ್ನಕ್ಕನ ಗಂಡ ಶಿವಣ್ಣ, ಬೀಡಿ ಹಚ್ಚುತ್ತಾ. "ಕಂದಿಕೆರೆ ನಮ್ ಷಡ್ಡಕನ ಬ್ಯಾಗ್ ಬಿಚ್ಚಿಸಿ ಕಿತ್ಕೊಂಡ್ರಂತೆ. ಎಣ್ಣೆ ಅಂಶ ಐತೆ, ಬೆಂಕಿ ಹತ್ಕತದೆ ಅಂತ. ಬಾಂಬ್ ತಂದವ್ನ ನೋಡ್ದಂಗೆ ನೋಡಿದ್ರಂತೆ."

ಯೋಚಿಸಿ ನೋಡಿ, ಓದುಗರೇ. ತೊಟ್ಟಿಲ ಶಾಸ್ತ್ರದಿಂದ ಮದುವೆಯ ತಾಂಬೂಲದವರೆಗೆ ನಮ್ಮ ಬದುಕಿನ ಜೊತೆಗೇ ಉರುಳಿಕೊಂಡು ಬರುವ ಈ ಸಾಧು ಪದಾರ್ಥ, ಅಟ್ಟದ ಮೇಲಿದ್ದಾಗ ಸೌಭಾಗ್ಯ, ಆಕಾಶಕ್ಕೆ ಏರಿದೊಡನೆ ಅಪಾಯ! ಎತ್ತರ ಹೆಚ್ಚಾದಂತೆ ಮನುಷ್ಯರ ಗುಣ ಬದಲಾಗುವುದನ್ನು ಕಂಡಿದ್ದೆ. ಕೊಬ್ಬರಿಯದೂ ಬದಲಾಗುತ್ತದೆಂದು ಗೊತ್ತಿರಲಿಲ್ಲ.

ನನಗೆ ಕೋಪ ಬಂತು. ಕೋಪಕ್ಕಿಂತ ಮೊದಲು ಅವಕಾಶ ಕಂಡಿತು. ಏಕೆಂದರೆ ನನ್ನ ಅಮ್ಮ ದೆಹಲಿಯಲ್ಲಿ ಸರ್ಕಾರದ ಅರ್ಥಶಾಸ್ತ್ರಜ್ಞೆ, ಅದೂ ವಿಮಾನಯಾನ ನೀತಿಯ ವಿಭಾಗದಲ್ಲಿ. ಆಗ ರಜೆ ಹಾಕಿ ಊರಿಗೆ ಬಂದಿದ್ದಳು. ಯಾವ ಊರಿಗೆ ವಿಮಾನ ಬಿಟ್ಟರೆ ಎಷ್ಟು ಜನ ಹತ್ತಿಯಾರು, ದರ ಎಷ್ಟು ಏರಿದರೆ ಅವರೆಲ್ಲ ತಿರುಗಿ ಬಸ್‌ಸ್ಟ್ಯಾಂಡಿಗೆ ಓಡಿಯಾರು ಎಂದು ಊಹಿಸಿ, ಆ ಊಹೆಗೆ ಇಸ್ತ್ರಿ ಹಾಕಿ ಮೇಲಿನವರಿಗೆ ಕಳಿಸುವುದು ಅವಳ ಕೆಲಸ. ಮೇಲಿನವರು ಅದನ್ನು ಇನ್ನೂ ಮೇಲಿನವರಿಗೆ ಕಳಿಸುತ್ತಾರೆ. ಹೀಗೆ ನಮ್ಮ ದೇಶದಲ್ಲಿ ವಿಮಾನಕ್ಕಿಂತ ಮೊದಲು ಫೈಲು ಹಾರುತ್ತದೆ, ಎಷ್ಟೋ ಸಲ ಫೈಲು ಮಾತ್ರವೇ ಹಾರುತ್ತದೆ. ನಾನು ಈ ವಿವರಗಳಿಂದ ಯಾರ ತಲೆಯನ್ನೂ ಕೆಡಿಸಲಿಲ್ಲ.

"ಯೋಚ್ನೆ ಬುಡಿ ರತ್ನಕ್ಕ," ಎಂದೆ. "ನಮ್ಮಮ್ಮ ಹೂಂ ಅನ್ನದೆ ಈ ದೇಶದಾಗೆ ಒಂದ್ ವಿಮಾನ ಮೂತಿ ಎತ್ತಲ್ಲ. ಒಂದ್ ಮಾತ್ ಹೇಳಿದ್ರೆ ರೂಲ್ಸನ್ನೇ ಎತ್ತಾಕ್ತಾರೆ."

"ದಿಟವಾ?"

"ದಿಟ. ತಿಪಟೂರ್ ಸೀಮೆ ಕೊಬ್ಬರಿಗೆ ಅಂತ ಬೇರೆ ನೀತಿನೇ ಬತ್ತೈತೆ."

"ಕೊಬ್ಬರಿಗೂ ಬೆಲ್ಟ್ ಕಟ್ತಾರೇನವ್ವ?" ಎಂದರು ಶಿವಣ್ಣ.

"ದಪ್ಪದಕ್ಕೆ ಮಾತ್ರ," ಎಂದೆ, ರೆಪ್ಪೆ ಮಿಟುಕಿಸದೆ.

ರತ್ನಕ್ಕನ ಮುಖ ಅರಳಿತು. "ಹಂಗಾದ್ರೆ ನನ್ ಜೊತೆ ನೀನೇ ಬಾ ಕಣವ್ವ. ಇವ್ರಂತೂ ಬರಲ್ಲ."

"ನಾನ್ ಮೇಲಕ್ಕೋಗೋದು ಒಂದೇ ಸಲ," ಎಂದರು ಶಿವಣ್ಣ. "ಅದ್ಕೆ ಟಿಕೆಟ್ ಬ್ಯಾಡ."

ಇಲ್ಲಿ ನಿಮಗೊಂದು ಗುಟ್ಟು. ಊರಿಗೆಲ್ಲ ವಿಮಾನ ಹಂಚುವ ಅಮ್ಮನ ಮಗಳಾದ ನಾನು ವಿಮಾನದ ಹೊಟ್ಟೆಯನ್ನಷ್ಟೇ ನೋಡಿದ್ದೇನೆ, ಅದೂ ನಮ್ಮ ತೋಟದಲ್ಲಿ ಕತ್ತೆತ್ತಿ ನಿಂತು. ಆದರೂ ಆ ಕ್ಷಣ ಮೋಡದ ಮೇಲೆ ಕಾಲು ಚಾಚಿ ಕೂತಿದ್ದೆ. ರತ್ನಕ್ಕ ಅಷ್ಟರಲ್ಲಿ ಮಗಳಿಗೆ ಫೋನು ಮಾಡಿದ್ದರು: "ನಮ್ ಅಟ್ಟದ್ದೇ ತತ್ತೀನಿ ಕಣೇ, ಅಳಬ್ಯಾಡ." ಆ ಕಡೆಯಿಂದ ಬಿಕ್ಕಿದ್ದು ನನಗೂ ಕೇಳಿತು. ಒಂದು ಗಳಿಗೆ ನನ್ನ ಮೋಡ ತೂತಾಯಿತು. ವಿಮಾನ ನಿಲ್ದಾಣದಲ್ಲಿ ಕೊಬ್ಬರಿಯನ್ನು ಬುಟ್ಟಿಗೆ ಎಸೆಯುವವರು ಇವಳ ಆಸೆಯನ್ನೂ ಎಸೆಯುತ್ತಾರಲ್ಲ ಎನಿಸಿತು. ಆದರೆ ಏರಿದವರಿಗೆ ಇಳಿಯುವ ಮನಸ್ಸು ಬರುವುದು ಕಷ್ಟ. ನಾನು ಕೊಬ್ಬರಿಗೆ ಯಾವ ಬಣ್ಣದ ಚೀಟಿ ಅಂಟಿಸಬೇಕು ಎಂದು ವಿವರಿಸತೊಡಗಿದೆ.

"ಯಾವ್ ಚೀಟಿನೇ ಅದು?"

ಅಮ್ಮ. ಮೊಸರಿನ ಪಾತ್ರೆ ಹಿಡಿದು ಜಗಲಿಯ ಮೆಟ್ಟಿಲ ಬಳಿ ನಿಂತಿದ್ದಳು. ರತ್ನಕ್ಕ ಎಲ್ಲವನ್ನೂ ಸಂತೋಷದಿಂದ ಒಪ್ಪಿಸಿದರು. ಅಮ್ಮ ನನ್ನನ್ನು ನೋಡಲಿಲ್ಲ. ಭಯವಾದದ್ದು ಅದಕ್ಕೇ.

"ರತ್ನಕ್ಕ, ಅದು ನನ್ ಕೈಲಿಲ್ಲ ಕಣ್ರೀ. ತಗೊಂಡೋದ್ರೆ ಖಂಡಿತ ತೆಗ್ದಿಡ್ತಾರೆ."

ರತ್ನಕ್ಕ ಕೈಯಲ್ಲಿದ್ದ ಕೊಬ್ಬರಿಯನ್ನು ಸೆರಗಿನಿಂದ ಒರೆಸಿದರು. ಮತ್ತೆ ಒರೆಸಿದರು. "ಮಗೀಗೆ ಹೇಳ್ಬುಟ್ನಲ್ಲ," ಎಂದರು ಮೆಲ್ಲಗೆ.

ಅಮ್ಮ ಪಾತ್ರೆ ಕೆಳಗಿಟ್ಟಳು. "ವಿಮಾನದಲ್ಲಿ ನಿಮ್ ಜೊತೆ ನಾನ್ ಬತ್ತೀನಿ. ಕೊಬ್ಬರಿ ತುಮಕೂರಿಂದ ಪುಣೆ ಬಸ್ಸಲ್ಲಿ ಬರ್ಲಿ. ಶಿವಣ್ಣ, ನಿಮ್ ದನಾನ ನಮ್ಮನೆಯವ್ರು ನೋಡ್ಕೋತಾರೆ, ನೀವು ಬಸ್ಸಿಗೆ ಹೊರಡಿ. ಜೊತೆಗೆ ಇವಳು."

"ಅಮ್ಮಾ, ಬಸ್ಸಲ್ಲಿ ನಂಗೆ ವಾಂತಿ—"

"ನೀತಿ ಮಾಡೋರು ಒಂದ್ಸಲ ಜನ ಹೋಗೋ ದಾರೀಲಿ ಹೋಗ್ಬೇಕು."

ಶಿವಣ್ಣ ಬೀಡಿ ನಂದಿಸಿ ಟವೆಲು ಕೊಡವಿ ಎದ್ದರು. ರತ್ನಕ್ಕ ಕೊಬ್ಬರಿಯನ್ನೆಲ್ಲ ಚೀಲಕ್ಕೆ ತುಂಬಿ, ಬಾಯಿ ಬಿಗಿದು, ತಂದು ನನ್ನ ತೊಡೆಯ ಮೇಲೆ ಇಟ್ಟರು.

"ಜೋಪಾನ ಕಣವ್ವ," ಎಂದರು. "ಕೆಳಗಿಡಬ್ಯಾಡ."