ಸೋಮವಾರದ ಲಾರಿ

ಜೋಳ ಹಸನು ಮಾಡುತ್ತ ಪಡಸಾಲೆಯಲ್ಲಿ ಕೂತಿದ್ದೆ. ಮೊರದಲ್ಲಿನ ಕಲ್ಲು ಆರಿಸಿ ಪಕ್ಕಕ್ಕೆ ಹಾಕುತ್ತಿದ್ದಾಗ ಬಾಗಿಲಲ್ಲಿ ಒಬ್ಬ ಹಮಾಲ ಬಂದು ನಿಂತ. ರಾಯಚೂರಿನ ಗಂಜಿನಲ್ಲಿ, ಅಂದರೆ ಮಾರುಕಟ್ಟೆಯಲ್ಲಿ, ಹತ್ತಿ ಹೊರುವವನು. ಅಂದು ನಸುಕಿನಲ್ಲಿ ನಮ್ಮ ಯಜಮಾನರ ಜೊತೆ ನಮ್ಮದೇ ಲಾರಿಯಲ್ಲಿ ಮಾನ್ವಿ ಕಡೆಗೆ ಹೋಗಿದ್ದವನು. ಒಬ್ಬನೇ ತಿರುಗಿ ಬಂದದ್ದು ನೋಡಿ ನನ್ನ ಕೈ ನಿಂತೇ ಹೋಯಿತು.

"ಅಕ್ಕಾರ, ಅಂಜಬ್ಯಾಡ್ರಿ. ಯಾರಿಗೂ ಏನೂ ಆಗಿಲ್ಲ. ಲಾರಿ ಹೂತದ, ಅಷ್ಟ."

"ಎಲ್ಲಿ?"

"ಬಾಗಲವಾಡದ ಹೊಲದಾಗ. ಎರಿ ನೆಲ ನೋಡ್ರಿ, ಹಿಂದಿನ ಗಾಲಿ ಪೂರಾ ಒಳಗ ಹೋಗ್ಯಾವ. ಅಣ್ಣಾರು ನನ್ನ ಬಸ್ಸಿಗೆ ಹತ್ತಿಸಿ ಕಳಿಸ್ಯಾರ. ಇನ್ನ ಸೇಠರ ಅಂಗಡಿಗೆ ಹೋಗಿ ಹೇಳಬೇಕು."

"ಎತ್ತು ಹೂಡಿ ಎಳಸಬೇಕಿತ್ತಲ್ಲೋ?" ಗಾಬರಿಯಲ್ಲಿ ವಾರ ಮರೆತು ಕೇಳಿದೆ.

ಅವನು ತಲೆ ಕೆರೆದುಕೊಂಡ. "ಇವತ್ತು ಸೋಮವಾರ ಅಲ್ರೀ ಅಕ್ಕಾರ. ಊರಾಗ ಒಬ್ರೂ ಎತ್ತು ಹೂಡಾಕ ಒಲ್ಲರು."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಯಾರಿಗೂ ಏನೂ ಆಗಿಲ್ಲ ಎಂಬ ಮಾತನ್ನು ಮಾತ್ರ ಪ್ರಸಾದದ ಹಾಗೆ ಕಣ್ಣಿಗೊತ್ತಿಕೊಂಡೆ.

ಇದು ಎಪ್ಪತ್ತರ ದಶಕದ ಕೊನೆಯ ಮಾತು. ನಮ್ಮಲ್ಲಿದ್ದದ್ದು ಒಂದೇ ಲಾರಿ, ಅದೂ ಹಳೆಯದು. ಯಜಮಾನರು ಬಹಳ ವರ್ಷ ಬೇರೆಯವರ ಲಾರಿ ನಡೆಸಿದವರು. ಒಮ್ಮೆ ಬೊಂಬಾಯಿ, ಒಮ್ಮೆ ಬೆಜವಾಡ ಎಂದು ಹೋದರೆ ವಾರಗಟ್ಟಲೆ ಮುಖ ಕಾಣುತ್ತಿರಲಿಲ್ಲ. ಸ್ವಂತದ್ದೊಂದು ಲಾರಿ ಆದರೆ ಮಾನ್ವಿ, ದೇವದುರ್ಗ, ಸುತ್ತಮುತ್ತಲ ಹಳ್ಳಿಗಳ ಬಾಡಿಗೆ ಹೊಡೆದುಕೊಂಡು ಸಂಜೆಗೆ ಮನೆಗೆ ಬರಬಹುದು ಎಂಬುದೇ ನಮ್ಮಿಬ್ಬರ ಆಸೆಯಾಗಿತ್ತು. ಲಾರಿ ಬಂದ ದಿನ ಅದನ್ನು ದೇವಸುಗೂರಿಗೆ ಒಯ್ದೆವು. ಅವರು ಗಾಲಿಯ ಮುಂದೆ ಕಾಯಿ ಒಡೆದರು. ನಾನು ಗುಡಿಯ ಕಡೆ ಕೈಮುಗಿದು ಬೇಡಿಕೊಂಡೆ.

ನನ್ನ ತವರು ದೇವದುರ್ಗದ ಹತ್ತಿರದ ಮಸರಕಲ್. ಒಕ್ಕಲುತನದ ಮನೆ, ಒಂದಿಷ್ಟು ಕುರಿಯೂ ಇದ್ದವು. ನಮ್ಮಪ್ಪ ಜೀವ ಹೋದರೂ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಟ್ಟವನಲ್ಲ. ಅದು ಬಸವಣ್ಣನ ವಾರ. ಅಂದು ಎತ್ತಿಗೆ ಮೈ ತೊಳೆಯುವುದು, ಮೇಯಿಸುವುದು, ಅಷ್ಟೇ. ನಮ್ಮ ಕಡೆಯ ಊರುಗಳಲ್ಲೆಲ್ಲ ಇದೇ ರೀತಿ. ಹಾಗಾಗಿ ನಾನು, "ಸುಗೂರೇಶ್ವರಾ, ನಮ್ಮಪ್ಪನ ಎತ್ತಿಗೆ ನಡಸಿದ್ದನ್ನ ಇದಕ್ಕೂ ನಡಸತೀವಿ. ಸೋಮವಾರ ಇದರ ಕೊರಳಿಗೆ ನೊಗ ಹಾಕಂಗಿಲ್ಲ" ಎಂದೆ. ಸ್ವಲ್ಪ ಜೋರಾಗಿಯೇ ಅಂದಿದ್ದೆನೇನೋ, ಯಜಮಾನರ ಕಿವಿಗೆ ಬಿತ್ತು.

"ಲಾರಿಗೆ ಕೊರಳು ಎಲ್ಲ್ಯದ ಬೇ? ತೋರಸು ನೋಡೂಣು."

"ನೀವು ಕೂಡೂ ಜಾಗಾನ ಕೊರಳು" ಎಂದೆ.

ನಕ್ಕರು. ಆದರೆ ನಡೆಸಿಕೊಂಡು ಬಂದರು. ಸೋಮವಾರ ಲಾರಿ ಮನೆಯ ಮುಂದಿನ ಬೇವಿನ ಗಿಡದ ಕೆಳಗೆ ನಿಲ್ಲುತ್ತಿತ್ತು. ಅವರು ಅದನ್ನು ತೊಳೆದು, ಗ್ರೀಸ್ ಹಾಕಿ, ಕೆಳಗೆ ತೂರಿಕೊಂಡು ಒಂದೊಂದು ನಟ್ಟು ಬಿಗಿದು ನೋಡುತ್ತಿದ್ದರು. ನಾನು ಮುಂದಿನ ಗಾಲಿಗೆ ಅರಿಷಿಣ ಕುಂಕುಮ ಹಚ್ಚುತ್ತಿದ್ದೆ. ಕಾರಹುಣ್ಣಿಮೆ ಬಂದಾಗ ನಮ್ಮ ಅತ್ತೆ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಎತ್ತಿನ ಕೋಡಿಗೆ ಬಳಿಯುವ ಬಣ್ಣವನ್ನು ಸಂತೆಯಿಂದ ತರಿಸಿ ಲಾರಿಯ ಬಂಪರಿಗೆ ಬಳಿದರು. ಓಣಿಯವರು ಕೆಣಕಿದರು: "ಏನ್ ಯವ್ವಾ, ನಿಮ್ಮ ಲಾರಿ ಹುಲ್ಲೂ ತಿಂತದೇನು?"

"ಹುಲ್ಲು ತಿಂದಿದ್ರ ಚೊಲೋ ಇತ್ತು" ಎಂದರು ಅತ್ತೆ. "ಇದು ಬರೀ ಕುಡಿಯೂ ಜಾತಿ. ಡೀಸೆಲ್ ಇಲ್ಲಂದ್ರ ಏಳಂಗೇ ಇಲ್ಲ."

ಆದರೆ ಬಾಡಿಗೆ ಸಿಗುವುದೇ ಕಷ್ಟವಾಗಿತ್ತು. ಒಂದು ದಿನ ಕೆಲಸ ಇದ್ದರೆ ಎರಡು ದಿನ ಇಲ್ಲ. ಹೀಗೇ ನಡೆದರೆ ಲಾರಿ ಮಾರಿ, ಮತ್ತೆ ಬೇರೆಯವರ ಲಾರಿ ಹತ್ತುವುದೊಂದೇ ದಾರಿ ಎಂದು ಅವರು ಮನಸ್ಸಿನಲ್ಲೇ ಅಂದುಕೊಳ್ಳುತ್ತಿದ್ದದ್ದು ನನಗೆ ಗೊತ್ತಾಗುತ್ತಿತ್ತು. ಅಷ್ಟರಲ್ಲಿ ಗಂಜಿನ ಹತ್ತಿ ವ್ಯಾಪಾರಿಯೊಬ್ಬರು ಕರೆದರು. ಎಲ್ಲರೂ ಅವರನ್ನು ಸೇಠರು ಎನ್ನುತ್ತಿದ್ದರು. ಬಾಗಲವಾಡದ ಸುತ್ತಿನ ಹತ್ತಿಯನ್ನೆಲ್ಲ ಅವರು ಖರೀದಿಗೆ ಹಿಡಿದಿದ್ದರು. ಹಂಗಾಮು ಮುಗಿಯುವವರೆಗೆ ಅದನ್ನು ರಾಯಚೂರಿಗೆ ತರುವ ಕೆಲಸ ನಮಗೆ ಕೊಡುತ್ತೇನೆಂದರು. ದೇವರೇ ಕಣ್ಣು ಬಿಟ್ಟ ಎಂದುಕೊಂಡೆವು. ಆ ವಾರವೇ ಅಕಾಲದ ಮಳೆ ಒಂದು ಸುತ್ತು ಹೊಡೆದು ಹೋಯಿತು. ಇನ್ನೊಂದು ಮಳೆ ಬಿದ್ದರೆ ಹತ್ತಿ ಕೆಡುತ್ತದೆಂದು ಸೇಠರಿಗೆ ಅವಸರ ಹುಟ್ಟಿತು. ಭಾನುವಾರ ಸಂಜೆ ಯಜಮಾನರು ಮುಖ ಸಣ್ಣದು ಮಾಡಿಕೊಂಡು ಬಂದರು.

"ಸೇಠರು ನಾಳೆ ಲಾರಿ ಬೇಕಂತಾರ."

"ನಾಳೆ ಸೋಮವಾರ. ಆಗಂಗಿಲ್ಲ ಅನ್ರಿ."

"ಆಗಂಗಿಲ್ಲ ಅಂದ್ರ ಬ್ಯಾರೆ ಲಾರಿ ಹಚ್ಚತಾರ. ಹಂಗಾಮ ಕೈ ಬಿಡತದ. ಆಮ್ಯಾಲ ನಾ ಮತ್ತ ಮಂದಿ ಲಾರಿ ಹತ್ತಿ ಹೋಗಬೇಕು. ಅದು ಬೇಕೇನು ನಿನಗ?"

"ಅದೂ ಬ್ಯಾಡ."

"ಎರಡೂ ಬ್ಯಾಡಂದ್ರ ಹೆಂಗಲೇ? ಇದು ಎತ್ತಲ್ಲ, ಕಬ್ಬಣ. ದಣಿಯಂಗಿಲ್ಲ."

ಒಳಗಿನಿಂದ ಅತ್ತೆ ಕೂಗಿದರು: "ಅದು ದಣಿಯಂಗಿಲ್ಲಪಾ, ನೀ ದಣಿತಿಯಲ್ಲ!"

ಯಜಮಾನರು ಮರುದಿನ ಬೆಳಗಾಗುವ ಮೊದಲೇ ಹೊರಟರು. ಹೊರಡುವವರ ಬೆನ್ನಿಗೆ ಬಿರುನುಡಿ ಹಚ್ಚಿ ಕಳಿಸಬಾರದು, ಅದಕ್ಕೆ ನಾನು ರೊಟ್ಟಿ ಕಟ್ಟಿಕೊಟ್ಟೆ. ಸೋಮವಾರದ ಉಪವಾಸ ನನಗಿದ್ದೇ ಇತ್ತು. ಇವತ್ತಿನ ತಪ್ಪು ಒಪ್ಪು ನೀನೇ ನೋಡಿಕೋ ಎಂದು ದೇವರಿಗೆ ಹೇಳಿ ಜೋಳದ ಮೊರ ಮುಂದಿಟ್ಟುಕೊಂಡು ಕೂತಿದ್ದೆ. ಆಗ ಆ ಹಮಾಲ ಬಂದದ್ದು.

ಅತ್ತೆ ಎಲ್ಲ ಕೇಳಿಸಿಕೊಂಡು, "ಮೊರ ಇಲ್ಲೇ ಬಿಡು, ನಾ ನೋಡ್ತೀನಿ. ನೀ ಹೋಗು. ಬಿಸಿ ರೊಟ್ಟಿ ಬಡಕೊಂಡು ಹೋಗು. ಹಸದ ಗಂಡಸಿಗೆ ಬುದ್ಧಿ ಓಡಂಗಿಲ್ಲ" ಎಂದರು. ರೊಟ್ಟಿ, ಶೇಂಗಾ ಹಿಂಡಿ, ಮೊಸರು ಕಟ್ಟಿಕೊಂಡು ಬಸ್ಸು ಹತ್ತಿದೆ. ಮಾನ್ವಿಯಲ್ಲಿ ಇಳಿಯುವುದಕ್ಕೂ ಬಾಗಲವಾಡದ ಬಸ್ಸು ಹೊರಡುವುದಕ್ಕೂ ಸರಿಹೋಯಿತು. ಅದು ತಪ್ಪಿದ್ದರೆ ಸಂಜೆಯ ತನಕ ಇನ್ನೊಂದಿರಲಿಲ್ಲ.

ಆದದ್ದು ಇಷ್ಟು. ಆ ಊರಿನ ಹೊಲಗಳು ರಸ್ತೆಯಿಂದ ದೂರ. ರೈತರು ಹತ್ತಿ ಬಿಡಿಸಿ ಹೊಲದ ಗುಡಿಸಲಲ್ಲೇ ಕೂಡಿಟ್ಟು, ಅಂಡಿಗೆ ಎನ್ನುವ ದೊಡ್ಡ ಚೀಲಗಳಿಗೆ ತುಳಿದು ತುಂಬಿ, ಎತ್ತಿನ ಗಾಡಿಯಲ್ಲಿ ರಸ್ತೆಗೆ ತಂದುಕೊಡುತ್ತಿದ್ದರು. ಲಾರಿ ರಸ್ತೆಯ ಮೇಲೇ ನಿಂತು ತುಂಬಿಸಿಕೊಳ್ಳುವುದು ಪದ್ಧತಿ. ಯಜಮಾನರು ಹೋಗಿ ರಸ್ತೆಯಲ್ಲಿ ಕಾದರೆ ಒಂದು ಗಾಡಿಯೂ ಬರಲಿಲ್ಲ. ನಮ್ಮ ಸೋಮವಾರವನ್ನು ಬಿಟ್ಟು ಹೊರಟವರಿಗೆ, ಊರಿನವರೂ ಸೋಮವಾರ ಹಿಡಿದವರು ಎಂಬುದು ನೆನಪಾಗಿರಲಿಲ್ಲ! ಬರಿಗೈಯಲ್ಲಿ ಹೋದರೆ ಸೇಠರು ಬಿಡುತ್ತಾರೆಯೇ? ಗಾಡಿ ಬರದಿದ್ದರೆ ಲಾರಿಯನ್ನೇ ಗುಡಿಸಲಿಗೆ ಒಯ್ಯೋಣ ಎಂದು ಹೊಲಕ್ಕೆ ಇಳಿಸಿದ್ದಾರೆ. ಎರೆ ನೆಲ ಮೇಲೆ ಒಣಗಿ ಬಿರುಕು ಬಿಟ್ಟು ಗಟ್ಟಿಯಾಗಿ ಕಾಣುತ್ತದೆ, ಹೊಟ್ಟೆಯಲ್ಲಿ ಮಾತ್ರ ಮಳೆಯ ಹಸಿ ಹಾಗೇ ಇರುತ್ತದೆ.

ನಾನು ಹೋದಾಗ ಅವರು ಬದುವಿನ ಮೇಲೆ ಕೂತಿದ್ದರು. ತೊಡೆಯ ತನಕ ಕರಿ ಮಣ್ಣು. ಲಾರಿ ಒಂದು ಮಗ್ಗುಲಿಗೆ ವಾಲಿತ್ತು.

"ನೀ ಯಾಕ ಬಂದಿ?"

"ರೊಟ್ಟಿ ತಂದೀನಿ."

"ಅಂದುಬಿಡು."

"ಏನಂತ?"

"ನಾ ಮೊದಲೇ ಹೇಳಿದ್ದೆ ಅಂತ."

"ಮೊದಲು ಉಣ್ರಿ" ಎಂದು ಗಂಟು ಬಿಚ್ಚಿದೆ.

ಆ ಹೊಲದ ಒಡೆಯರು, ರುಮಾಲು ಸುತ್ತಿದ ಹಿರಿಯರು, ಅಲ್ಲೇ ಎತ್ತು ಮೇಯಿಸುತ್ತಿದ್ದರು. ತೊಳೆದ ಎತ್ತುಗಳ ಮೈ ಮಿಂಚುತ್ತಿತ್ತು. ನನ್ನನ್ನು ನೋಡಿ ಹತ್ತಿರ ಬಂದರು.

"ಬಾಯವ್ವಾ. ನಿಮ್ಮ ಲಾರಿ ಸೋಮವಾರ ಹೂಡಂಗಿಲ್ಲಂತ ಕೇಳಿ ಭಾಳ ಖುಷಿ ಆಗಿತ್ತು. ನಾಳಿಗೆ ಎಲ್ಲಾ ಗಾಡಿ ಹೊಂದಿಸಿ ಇಟ್ಟೀವಿ. ಇವ ನೋಡಿದ್ರ ಇವತ್ತ ಬಂದು ನಮ್ಮ ಹೊಲದಾಗ ಲಾರಿ ಬಿತ್ಯಾನ. ಬೆಳದ್ರ ಒಂದು ಮರಿ ನಮಗೂ ಕೊಡ್ರಿ!"

ಯಜಮಾನರು ರೊಟ್ಟಿ ಬಾಯಲ್ಲಿಟ್ಟುಕೊಂಡೇ ನಕ್ಕರು. ಬೆಳಿಗ್ಗೆಯಿಂದ ಅದೇ ಮೊದಲ ನಗು ಇರಬೇಕು.

ಆ ನಗು ಬಹಳ ಹೊತ್ತು ಉಳಿಯಲಿಲ್ಲ. ಸೇಠರ ಜೀಪು ಬಂತು. ಅವರು ಇಳಿದವರೇ ಮೋಡ ಕಟ್ಟಿದ್ದ ಆಕಾಶ ನೋಡಿದರು, ಲಾರಿ ನೋಡಿದರು.

"ಎಷ್ಟು ಜೋಡಿ ಎತ್ತು ಬೇಕು ಹೇಳ್ರಿ. ಬಾಡಿಗಿ ನಾ ಕೊಡ್ತೀನಿ."

"ಬಾಡಿಗಿ ಮಾತಲ್ಲ ಸೇಠರ, ವಾರದ ಮಾತು" ಎಂದರು ಹಿರಿಯರು.

"ಮಳಿ ಬಂದ್ರ?"

"ಬಂದ್ರ ನನ್ನ ಹತ್ತಿ ನೆನಿತದ. ಇನ್ನಾ ತೂಕ ಆಗಿಲ್ಲ, ನಿಮ್ಮದೇನು ಹೋಗಂಗಿಲ್ಲ."

ಹಿರಿಯರ ಮೇಲೆ ನಡೆಯದ ಸೇಠರ ಸಿಟ್ಟು ನಮ್ಮವರ ಕಡೆ ತಿರುಗಿತು. "ನಿಮ್ಮಿಂದ ಈ ಕೆಲಸ ಆಗಂಗಿಲ್ಲ ಬಿಡ್ರಿ. ನಾಳಿಂದ ಬ್ಯಾರೆ ಲಾರಿ ನೋಡ್ತೀನಿ."

ಯಜಮಾನರು ಎದ್ದು ನಿಂತು ತಲೆ ತಗ್ಗಿಸಿದರು. ಅದನ್ನು ನೋಡಲಾಗದೆ ನಾನು ಹಿರಿಯರಿಗೆ ಹೇಳಿದೆ: "ಯಪ್ಪಾ, ಎತ್ತು ಹೂಡಬಾರದು, ಖರೇ. ನಮ್ಮಪ್ಪನೂ ಹೂಡತಿರಲಿಲ್ಲ. ಆದ್ರ ಮನಷ್ಯಾರು ಎಳಿಬಾರದಂತ ಎಲ್ಲ್ಯದ? ನಮ್ಮೂರಾಗ ಸೋಮವಾರ ಏನರ ಸಿಕ್ಕೊಂಡ್ರ ಗಂಡಸರ ಹಗ್ಗಕ್ಕ ಹೆಗಲು ಕೊಡತಿದ್ರು."

"ನಿನ್ನ ತವರು ಯಾವುದವ್ವಾ?"

"ಮಸರಕಲ್."

ಅವರು ರುಮಾಲು ಬಿಚ್ಚಿ ಕೊಡವಿ ಮತ್ತೆ ಸುತ್ತಿದರು. "ಖರೇ ಐತಿ ನೋಡು. ಸೂಟಿ ಇರೂದು ಎತ್ತಿಗೆ. ನಮಗ್ಯಾವನು ಕೊಟ್ಟಾನ ಸೂಟಿ!"

ಊರ ಕಡೆ ಕೂಗು ಹೋಯಿತು. ಎತ್ತು ಬಿಟ್ಟು ಕಟ್ಟೆಯ ಮೇಲೆ ಖಾಲಿ ಕೂತಿದ್ದ ಗಂಡಸರೆಲ್ಲ ಬಂದರು. ಗಾಡಿಗೆ ಕಟ್ಟುವ ದಪ್ಪ ಹಗ್ಗ ತಂದು ಲಾರಿಯ ಮುಂದಕ್ಕೆ ಬಿಗಿದರು. ಅವರ ಹಿಂದೆ ಬಂದ ಹೆಂಗಸರ ಜೊತೆ ನಾನೂ ಹತ್ತಿ ಕಟ್ಟಿಗೆ ಕಿತ್ತು ಕೊಟ್ಟೆ, ಅದನ್ನೂ ಕಲ್ಲನ್ನೂ ಗಾಲಿಯ ಕೆಳಗೆ ತುರುಕಿದರು. ಯಜಮಾನರು ಸ್ಟೇರಿಂಗ್ ಹಿಡಿದು ಕೂತರು. ಎರಡು ಸಲ ಎಳೆದರೂ ಲಾರಿ ಮಿಸುಕಲಿಲ್ಲ. ದೂರ ನಿಂತಿದ್ದ ಸೇಠರನ್ನು ನೋಡಿ ಯಾರೋ ಕೂಗಿದರು: "ಸೇಠರ, ನೀವೂ ಹಗ್ಗ ಹಿಡಿರಿ! ತೂಕದಾಗ ಎಲ್ಲಾರಿಗಿಂತ ನೀವ ಮುಂದ ಅದೀರಿ!"

ಗಂಡಸರೆಲ್ಲ ಗೊಳ್ಳೆಂದು ನಕ್ಕರು. ಸೇಠರು ಸಿಟ್ಟಾಗುತ್ತಾರೆ ಎಂದುಕೊಂಡೆ. ಇಲ್ಲ, ಚಪ್ಪಲಿ ಬಿಟ್ಟು ಬಂದರು. ಹರಹರ ಮಹಾದೇವ ಎಂದು ಎಲ್ಲರೂ ಒಂದೇ ಉಸಿರಿಗೆ ಜಗ್ಗಿದರು. ಕಟ್ಟಿಗೆ ಲಟಲಟ ಮುರಿದು, ಲಾರಿ ಒಮ್ಮೆ ಹಿಂದಕ್ಕೆ ತೂಗಿ, ಮಣ್ಣು ಕಾರುತ್ತ ಮೇಲೆದ್ದು ಬಂತು. ಹೊತ್ತು ಇನ್ನೂ ಇಳಿದಿರಲಿಲ್ಲ. ಯಜಮಾನರು ಕೆಳಗೆ ಬಗ್ಗಿ ನೋಡಿದರು. ಏನೂ ಮುರಿದಿರಲಿಲ್ಲ. ಮೇಲೆ ನೋಡಿದೆ, ಮೋಡವೂ ಮಾನ್ವಿ ದಾಟಿ ಆಚೆ ಹೋಗಿತ್ತು.

ಲಾರಿ ರಸ್ತೆಗೆ ಬಂದ ಮೇಲೆ ಹಿರಿಯರು ಸೇಠರಿಗೆ ನೀರು ಕೊಟ್ಟು ಹೇಳಿದರು: "ನೋಡ್ರಿ ಸೇಠರ, ನೀವು ಯಾವ ಲಾರಿ ತಂದ್ರೂ ಸೋಮವಾರ ನಮ್ಮ ಗಾಡಿ ರಸ್ತಾಕ್ಕ ಬರಂಗಿಲ್ಲ. ಬಂದ ಲಾರಿ ಖಾಲಿ ನಿಲ್ಲತದ. ಇವರದು ಹೆಂಗೂ ಸೋಮವಾರ ನಿಲ್ಲೂ ಲಾರಿ. ಯಾವುದು ಚೊಲೋ ನೀವ ಹೇಳ್ರಿ."

ಸೇಠರು ಕೈಯ ಮಣ್ಣು ತೊಳೆದುಕೊಂಡರು. ನಾನು ಸೆರಗಿನ ಅಂಚು ಹಿಡಿದು ನಿಂತಿದ್ದೆ. ಆಮೇಲೆ ಯಜಮಾನರನ್ನು ಕೇಳಿದರು: "ಸೋಮವಾರ ಲಾರಿ ನಿಲ್ಲಿಸಿ ಏನು ಮಾಡ್ತೀರಿ?"

"ತೊಳಿತೀನ್ರಿ. ಗ್ರೀಸ್ ಹಾಕಿ ನಟ್ಟು ಬಿಗಿತೀನಿ."

"ಹಂಗ ಮಾಡ್ರಿ. ಆದ್ರ ಮಂಗಳವಾರ ಹೊತ್ತೇರೂದರೊಳಗ ಮೊದಲನೇ ಲೋಡು ಗಂಜಿಗೆ ಬರಬೇಕು. ಹಂಗಾಮ ಮುಗಿಯೂತನಾ ನಿಮ್ಮದ ಲಾರಿ."

ನಾನು ಎಲ್ಲಿಗೆಂದು ಕೈಮುಗಿಯಲಿ? ಹಿರಿಯರಿಗೂ ಮುಗಿದೆ, ಸೇಠರಿಗೂ ಮುಗಿದೆ, ಅಲ್ಲೇ ಹುಲ್ಲು ತಿನ್ನುತ್ತಿದ್ದ ಎತ್ತುಗಳಿಗೂ ಮುಗಿದೆ.

ಆ ಹಂಗಾಮಿನ ಹಿಂದೆ ಇನ್ನೊಂದು ಬಂತು, ಮತ್ತೊಂದು ಬಂತು. ಬಾಗಲವಾಡದವರು ಬೇರೆ ಊರಿನವರಿಗೆ ನಮ್ಮ ಹೆಸರು ಹೇಳಿದರು. ಫೋನಿಲ್ಲದ ಕಾಲ, ಬಾಡಿಗೆ ಕೇಳಿಕೊಂಡು ರೈತರು ಮನೆಗೇ ಬರುತ್ತಿದ್ದರು. ಯಜಮಾನರು ಇಲ್ಲದಾಗ ಯಾವ ಊರು, ಯಾವ ದಿನ ಎಂದು ಕೇಳಿ ನೆನಪಿಟ್ಟುಕೊಂಡು ಹೇಳುವುದು ನನ್ನ ಕೆಲಸವಾಯಿತು. ಎಂಬತ್ತರ ನಂತರ ಶಕ್ತಿನಗರದಲ್ಲಿ ಕರೆಂಟಿನ ಕಾರ್ಖಾನೆ ಏಳುವಾಗ ಸಿಮೆಂಟು ಹೊರಲು ಎರಡನೆಯ ಲಾರಿ ತೆಗೆದುಕೊಂಡೆವು. ಅಲ್ಲಿ ಎತ್ತೂ ಇರಲಿಲ್ಲ, ಸೋಮವಾರ ಕೇಳುವವರೂ ಇರಲಿಲ್ಲ. ಹಾಗಾಗಿ ಆ ಲಾರಿಗೆ ಭಾನುವಾರ ಬಿಡುವು ಕೊಟ್ಟೆವು. ಅದು ಸರಿಯೋ ತಪ್ಪೋ ಸುಗೂರೇಶ್ವರನಿಗೆ ಬಿಟ್ಟದ್ದು. ವಾರಕ್ಕೊಂದು ದಿನ ನೆರಳು ಕಾಣದ ಲಾರಿ ಮಾತ್ರ ನಮ್ಮ ಮನೆಯಲ್ಲಿ ಇರಲಿಲ್ಲ.

ಲಾರಿ ಹೂತಿದ್ದ ಆ ಸೋಮವಾರದ ಸಂಜೆ ಯಜಮಾನರು ಮರುದಿನದ ಲೋಡಿಗೆಂದು ಲಾರಿಯ ಹತ್ತಿರವೇ ಉಳಿದರು. ಬೇರೆ ಲುಂಗಿ ಉಟ್ಟು, ಮಣ್ಣಾದ ಬಟ್ಟೆಯನ್ನು ಗಂಟು ಕಟ್ಟಿ ನನ್ನ ಕೈಗೆ ಕೊಟ್ಟರು. ಸೇಠರು, "ಬರ್ರಿ ಅಕ್ಕಾರ, ನಾನೂ ರಾಯಚೂರಿಗೇ ಹೊಂಟೀನಿ" ಎಂದು ಜೀಪಿನಲ್ಲಿ ಕೂರಿಸಿಕೊಂಡು ಮನೆಯ ಓಣಿಯ ತನಕ ಬಿಟ್ಟರು. ಅತ್ತೆ ಬಾಗಿಲಲ್ಲೇ ಕೂತಿದ್ದರು.

"ಲಾರಿ?"

"ಎದ್ದದ."

"ಕೆಲಸ?"

"ಉಳದದ."

"ಅಂವಾ?"

"ಎರಡು ರೊಟ್ಟಿ ಹೆಚ್ಚಿಗಿ ಉಂಡಾರ."

ಅವರು ದೇವರ ಗೂಡಿನ ಕಡೆ ತಿರುಗಿ ಕೈಮುಗಿದರು. ಎರೆ ಮಣ್ಣು ಪೂರಾ ಒಣಗಿದರೆ ಬಟ್ಟೆ ಬಿಡುವುದಿಲ್ಲ. ನಾನು ಹಿತ್ತಿಲಿಗೆ ಹೋಗಿ, ಬಕೀಟಿಗೆ ನೀರು ಸುರಿದು, ಅವರ ಅಂಗಿ ಲುಂಗಿ ನೆನೆಹಾಕಿದೆ.